ಚೀಲಕ್ಕೆ ಅರಗಿನ ಮುದ್ರೆ, ಹೊತ್ತವರಿಗೆ ಬರೀ ಗೆಜ್ಜೆ: ಹಳ್ಳಿ ಟಪಾಲಿನ ಸುರಕ್ಷತೆಯ ಕಥೆ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಾಗದೆ ಆಫೀಸ್ ಕ್ಯಾಬಿನಲ್ಲಿ ಕೂತು ಓದೋರಿಗೆ ಅಂತ ಸ್ವಲ್ಪ ಒಪ್ಪ ಮಾಡಿ ಹಾಕಿದ್ದೇನೆ.

ಮೊದಲು ಒಂದು ಪ್ರಶ್ನೆ. ನಿಮ್ಮೂರಲ್ಲಿ ಪೋಸ್ಟಿಗೆ ಏನಂತಾರೆ? ಮೈಸೂರು, ಮಂಡ್ಯ, ಹಾಸನದ ಕಡೆಯವರು ‘ಅಂಚೆ’ ಅಂತೀರಿ. ಧಾರವಾಡ, ಬೆಳಗಾವಿ, ಕಲಬುರಗಿಯವರು ‘ಟಪಾಲು’ ಅಂತೀರಿ. ಇಲ್ಲಿ ಹೈದರಾಬಾದಿನ ಹಳಬರ ಬಾಯಲ್ಲಿ ಅದು ‘ಡಾಕ್’. ಕೊಂಡಾಪುರದಲ್ಲಿ ನಾಲ್ಕು ಜನ ಕನ್ನಡಿಗರು ಒಂದೇ ಟೇಬಲ್ಲಿಗೆ ಚಹಾಕ್ಕೆ ಕೂತರೆ ಮೂರೂ ಮಾತು ಕೇಳಿಸುತ್ತೆ. ಮೂರು ಮಾತಿನ ಹಿಂದೆ ಬೇರೆ ಬೇರೆ ಸರ್ಕಾರಗಳ ಚರಿತ್ರೆ ಇದೆ. ಆದರೆ ಎಲ್ಲ ಸರ್ಕಾರಗಳಿಗೂ ಸಮಾನವಾಗಿದ್ದ ಒಂದು ಅಭ್ಯಾಸ ಇದೆ, ಇವತ್ತಿನ ಮಾತು ಅದರ ಬಗ್ಗೆ. ಟಪಾಲು ಚೀಲವನ್ನು ಕಾಪಾಡೋಕೆ ನಿಯಮದ ಮೇಲೆ ನಿಯಮ ಬಂತು. ಆ ಚೀಲ ಹೊತ್ತು ಹಳ್ಳಿಗೆ ನಡೆದವರನ್ನು ಕಾಪಾಡುವ ಮಾತು ಬಂದಿದ್ದು ತುಂಬ ತಡವಾಗಿ, ತುಂಬ ಕಡಿಮೆ.

ಹಂಸದಿಂದ ಗೂಢಚಾರನವರೆಗೆ

ಹಳಗನ್ನಡದಲ್ಲಿ ‘ಅಂಚೆ’ ಅಂದರೆ ಹಂಸ. ನಳ-ದಮಯಂತಿ ಕಥೆಯಲ್ಲಿ ಸುದ್ದಿ ಒಯ್ದ ಹಕ್ಕಿ ಅದೇ. ಹಂಸದ ಈ ತದ್ಭವವೇ ಟಪಾಲಿನ ಹೆಸರಾಯಿತು ಅನ್ನುವವರಿದ್ದಾರೆ. ವ್ಯುತ್ಪತ್ತಿ ಏನೇ ಇರಲಿ, ವ್ಯವಸ್ಥೆಯಾಗಿ ಮೈಸೂರು ಅಂಚೆ ಬೆಳೆದದ್ದು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ಹಂಚಿದ ಅರಸರು ಅವರು. ಅದರಲ್ಲಿ ಅಂಚೆಗೂ ಒಂದು ಚಾವಡಿ ಇತ್ತು.

ಇದನ್ನು ನಾವು ಹೆಮ್ಮೆಯಿಂದ ಹೇಳ್ಕೋತೀವಿ, ಹೇಳ್ಕೋಬೇಕಾದ್ದೇ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. 1810ರಲ್ಲಿ ದಕ್ಷಿಣ ಭಾರತದ ಚರಿತ್ರೆ ಪ್ರಕಟಿಸಲು ಶುರುಮಾಡಿದ ಮಾರ್ಕ್ ವಿಲ್ಕ್ಸ್ ಮೈಸೂರಿನಲ್ಲೇ ಬ್ರಿಟಿಷ್ ರೆಸಿಡೆಂಟ್ ಆಗಿದ್ದವನು. ಅವನ ಪ್ರಕಾರ ಮೈಸೂರಿನ ಅಂಚೆ ಸುದ್ದಿ ಸಾಗಿಸುವ ವ್ಯವಸ್ಥೆಯಷ್ಟೇ ಆಗಿರಲಿಲ್ಲ, ಸುದ್ದಿ ಸಂಗ್ರಹಿಸುವ ವ್ಯವಸ್ಥೆಯೂ ಆಗಿತ್ತು. ಅಂಚೆಯ ಅಧಿಕಾರಿಗಳು ಅರಮನೆಯ ನಂಬಿಕಸ್ಥರು, ಕೆಳಗಿನ ನೌಕರರು ಸೀಮೆಯ ಗುಟ್ಟನ್ನು ಮೇಲಕ್ಕೆ ವರದಿ ಮಾಡುವವರು. ಹೈದರನ ಕಾಲಕ್ಕೆ ಇದೇ ದಬ್ಬಾಳಿಕೆಯ ಭಯಂಕರ ಸಾಧನವಾಯಿತು ಅಂತ ಅವನು ಬರೆಯುತ್ತಾನೆ. ಬರೆದವನು ಹೈದರ್-ಟಿಪ್ಪು ವಿರುದ್ಧ ಹೋರಾಡಿದ ಕಂಪನಿಯ ಅಧಿಕಾರಿ ಅನ್ನೋದನ್ನ ನೆನಪಿನಲ್ಲಿಟ್ಟುಕೊಂಡೇ ಓದಬೇಕು. ಆದರೂ ಅವನು ಎತ್ತಿದ ಪ್ರಶ್ನೆ ನಿಜವಾದದ್ದು. ಮನೆ ಬಾಗಿಲಿಗೆ ಬರುವ ಮನುಷ್ಯ ಯಾರ ಪರ? ಕಾಗದ ತರುವ ಕೈ ನಮ್ಮ ಗುಟ್ಟನ್ನೂ ಒಯ್ಯುತ್ತದೆಯೇ?

ಹಾಗಾಗಿ ಹಳ್ಳಿ ಟಪಾಲಿನ ಸುರಕ್ಷತೆ ಅಂದಾಗ ಮೂರು ವಿಷಯ ಸೇರುತ್ತವೆ. ಒಂದು, ಚೀಲದ ಸುರಕ್ಷತೆ. ಎರಡು, ಹೊತ್ತವರ ಮೈ ಮತ್ತು ಜೀವ. ಮೂರು, ಊರಿನವರ ದುಡ್ಡು, ಗುಟ್ಟು, ನೆಮ್ಮದಿ. ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ನೋಡೋಣ.

ಹುಲಿ ಕಣಿವೆಯ ಹರಿಕಾರ

ಇವತ್ತು ನಾವು ‘ಕ್ರಾಂತಿಯ ಹರಿಕಾರ’, ‘ಬದಲಾವಣೆಯ ಹರಿಕಾರ’ ಅಂತ ದೊಡ್ಡವರನ್ನು ಹೊಗಳ್ತೀವಿ. ಆ ಪದದ ಮೂಲ ಪರ್ಷಿಯನ್ನಿನ ‘ಹರ್ಕಾರಾ’. ಓಡಿಹೋಗಿ ಸುದ್ದಿ ಮುಟ್ಟಿಸುವ ಆಳು ಅಂತ ಅರ್ಥ. ಪದಕ್ಕೆ ಸಿಕ್ಕ ಬಡ್ತಿ ಆ ಆಳಿಗೆ ಸಿಗಲಿಲ್ಲ.

1766ರಲ್ಲಿ ರಾಬರ್ಟ್ ಕ್ಲೈವ್ ಬಂಗಾಳದಲ್ಲಿ ಡಾಕ್ ವ್ಯವಸ್ಥೆ ಸರಿಪಡಿಸಿದಾಗ, ದಾರಿಯುದ್ದಕ್ಕೂ ಓಡುವ ಆಳುಗಳನ್ನು ಒದಗಿಸುವ ಹೊಣೆ ಆಯಾ ಜಮೀನ್ದಾರರ ಮೇಲೆ ಬಿತ್ತು. ಅದಕ್ಕೆ ಬದಲಾಗಿ ಕಂದಾಯದಲ್ಲಿ ರಿಯಾಯಿತಿ. 1774ರಲ್ಲಿ ವಾರನ್ ಹೇಸ್ಟಿಂಗ್ಸ್ ಈ ಡಾಕನ್ನು ಸಾರ್ವಜನಿಕರಿಗೂ ತೆರೆದ. ನೂರು ಮೈಲಿಗೆ ಎರಡಾಣೆ, ಅದಕ್ಕಾಗಿಯೇ ತಾಮ್ರದ ಬಿಲ್ಲೆ. ಗಿರಾಕಿ ಕೊಡುವ ದರ ಹೀಗೆ ಖಚಿತವಾಯಿತು. ಆಳನ್ನು ಒದಗಿಸುವುದು ಮಾತ್ರ ಜಮೀನ್ದಾರನ ತಲೆನೋವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಮೊದಲ ದಿನದಿಂದಲೇ ಈ ಕೆಲಸ ‘ಥರ್ಡ್ ಪಾರ್ಟಿ’ ಕೈಲಿತ್ತು.

ಹರಿಕಾರನ ಸರಕು ಏನು? ಹೆಗಲಿಗೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು ಅಥವಾ ಈಟಿ. ಗೆಜ್ಜೆಯ ಸದ್ದಿಗೆ ಹಾವು-ಹುಳ ದೂರ ಹೋಗಲಿ ಅಂತ ಒಂದು ಉದ್ದೇಶ. ಮುಂದಿನ ಠಾಣೆಯವನು ಸದ್ದು ಕೇಳಿ ಎದ್ದು ಸಿದ್ಧವಾಗಲಿ ಅಂತ ಇನ್ನೊಂದು. ಹುಲಿಯ ಕಾಟ ಹೆಚ್ಚಿದ್ದ ಕಾಡುದಾರಿಗಳಲ್ಲಿ ಜೊತೆಗೆ ಪಂಜಿನವನು, ಡೋಲು ಬಡಿಯುವವನು, ಕೆಲವೆಡೆ ಬಿಲ್ಲುಗಾರರು ಇರುತ್ತಿದ್ದರು. ಹುಲಿ ಬಾಯಿಗೆ ಸಿಕ್ಕ ಹರಿಕಾರರ ಸಂಗತಿ ಅಂಚೆಯ ಚರಿತ್ರೆ ಬರೆದ ಬ್ರಿಟಿಷ್ ಅಧಿಕಾರಿಗಳ ಪುಸ್ತಕಗಳಲ್ಲೇ ಇದೆ.

1937ರಲ್ಲಿ ಆರನೇ ಜಾರ್ಜ್ ಹೆಸರಿನಲ್ಲಿ ಬಂದ ಅಂಚೆಚೀಟಿ ಸರಣಿಯ ಎರಡಾಣೆ ಚೀಟಿಯ ಮೇಲೆ ಈ ಹರಿಕಾರನ ಚಿತ್ರ ಇದೆ. ಅದೇ ಸರಣಿಯಲ್ಲಿ ಮುಂದೆ ಎತ್ತಿನ ಗಾಡಿ, ಟಾಂಗಾ, ಒಂಟೆ, ರೈಲು, ಹಡಗು, ಲಾರಿ, ಕೊನೆಗೆ 12 ಆಣೆಗೆ ವಿಮಾನ. ನೋಡೋಕೆ ಪ್ರಗತಿಯ ಮೆಟ್ಟಿಲು ಥರ ಇದೆ. ಆದರೆ ವಿಮಾನ ಬಂದ ಮೇಲೂ ಕೊನೆಯ ಐದಾರು ಮೈಲಿ ಎರಡಾಣೆಯ ಮನುಷ್ಯನೇ ನಡೆಯಬೇಕಿತ್ತು. ‘ಲಾಸ್ಟ್ ಮೈಲ್’ ಅಂತ ನಾವು ಪ್ರೆಸೆಂಟೇಶನ್‌ನಲ್ಲಿ ಬರೆಯೋದು ಇದನ್ನೇ.

ನಮ್ಮ ಕಡೆಯ ಹಲವು ಡಾಕುಗಳು

1854ರ ಅಕ್ಟೋಬರ್ 1ರಂದು ಬ್ರಿಟಿಷ್ ಭಾರತದಲ್ಲೆಲ್ಲ ನಡೆಯುವ ಅಂಚೆಚೀಟಿ ಬಂತು. ದೂರ ಎಷ್ಟೇ ಇರಲಿ, ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ. ಮೈಸೂರು ಸಂಸ್ಥಾನ ತನ್ನ ಅಂಚೆಯನ್ನು 1889ರವರೆಗೂ ಪ್ರತ್ಯೇಕವಾಗಿ ನಡೆಸಿ, ಆಮೇಲೆ ಬ್ರಿಟಿಷ್ ಅಂಚೆಯಲ್ಲಿ ವಿಲೀನ ಮಾಡಿತು.

ಕಲಬುರಗಿ, ಬೀದರ್, ರಾಯಚೂರಿನಿಂದ ಇಲ್ಲಿಗೆ ಬಂದವರಿಗೆ ಇದರ ಇನ್ನೊಂದು ಪಾಠಾಂತರ ಇದೆ. ನಿಜಾಮರ ಸರ್ಕಾರ 1869ರಿಂದ ತನ್ನದೇ ಅಂಚೆಚೀಟಿ ತಂದಿತು. ಆ ಚೀಟಿ ಸಂಸ್ಥಾನದ ಒಳಗೆ ಮಾತ್ರ ನಡೆಯುತ್ತಿತ್ತು. ಅಂದರೆ ಕಲಬುರಗಿಯಿಂದ ಹೈದರಾಬಾದಿಗೆ ಕಾಗದ ಹಾಕೋಕೆ ನಿಜಾಮರ ಚೀಟಿ ಸಾಕು. ಅದೇ ಕಲಬುರಗಿಯಿಂದ ಮುಂಬೈ ಪ್ರಾಂತ್ಯದಲ್ಲಿದ್ದ ವಿಜಯಪುರಕ್ಕೋ ಧಾರವಾಡಕ್ಕೋ ಹಾಕಬೇಕಾದರೆ ಅದು ಪರರಾಜ್ಯದ ಟಪಾಲು. ಭಾಷೆ ಒಂದೇ, ಸಂಬಂಧಿಕರು ಅವರೇ, ಡಾಕ್ ಬೇರೆ. 1950ರ ಏಪ್ರಿಲ್ 1ರಂದು ಹೈದರಾಬಾದಿನ ಅಂಚೆ ಭಾರತದ ಅಂಚೆಯಲ್ಲಿ ಸೇರಿತು. ನಮ್ಮ ಪೈಕಿ ಎಷ್ಟೋ ಜನರ ಅಜ್ಜಂದಿರು ಇದನ್ನು ಕಣ್ಣಾರೆ ಕಂಡವರು.

ಕಾನೂನು ಯಾರನ್ನು ಕಾಪಾಡಿತು?

ಈಗ ಕಥೆಯ ನಡುಮನೆಗೆ ಬರೋಣ. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆ ನೂರಾ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಟಪಾಲನ್ನು ಆಳಿತು. ಅದನ್ನು ಒಂದು ಸಲ ‘ಕೋಡ್ ರಿವ್ಯೂ’ ಮಾಡುವ ಹಾಗೆ ಓದಿ, ಬಹಳ ಸಂಗತಿ ತಿಳಿಯುತ್ತೆ.

6ನೇ ಕಲಂ: ಕಾಗದ ಕಳೆದುಹೋದರೆ, ತಪ್ಪು ಜಾಗಕ್ಕೆ ಹೋದರೆ, ತಡವಾದರೆ, ಸಾಮಾನ್ಯವಾಗಿ ಸರ್ಕಾರ ಹೊಣೆಯಲ್ಲ. 49ನೇ ಕಲಂ: ಟಪಾಲು ಚೀಲ ಹೊರುವವನು ಕುಡಿದಿದ್ದರೆ, ಅಜಾಗರೂಕತೆಯಿಂದ ಚೀಲದ ಸುರಕ್ಷತೆಗೆ ಧಕ್ಕೆ ತಂದರೆ, ದಾರಿಯಲ್ಲಿ ಕಾಲಹರಣ ಮಾಡಿದರೆ 50 ರೂಪಾಯಿವರೆಗೆ ದಂಡ. ಆ ಕಾಲದ 50 ರೂಪಾಯಿ, ನೆನಪಿರಲಿ. 50ನೇ ಕಲಂ: ಅನುಮತಿ ಇಲ್ಲದೆ, ಮುನ್ಸೂಚನೆ ಕೊಡದೆ ಈ ಕೆಲಸ ಬಿಟ್ಟರೆ ಒಂದು ತಿಂಗಳವರೆಗೆ ಸೆರೆ. 52ನೇ ಕಲಂ: ಅಂಚೆ ನೌಕರ ಟಪಾಲು ಕದ್ದರೆ, ಬಚ್ಚಿಟ್ಟರೆ ಏಳು ವರ್ಷದವರೆಗೆ.

‘ಸುರಕ್ಷತೆ’ ಅನ್ನುವ ಮಾತು 49ನೇ ಕಲಮಿನಲ್ಲಿದೆ. ಅದು ಚೀಲದ ಸುರಕ್ಷತೆ. ಹೊಳೆ ತುಂಬಿ ಹರಿಯುವಾಗ ನಿಂತುಕೊಂಡವನು ಕಾಲಹರಣ ಮಾಡಿದವನಾ, ಜೀವ ಉಳಿಸಿಕೊಂಡವನಾ? ಅದನ್ನು ತೀರ್ಮಾನ ಮಾಡೋದು ಮೇಲಿನವರಿಗೆ ಬಿಟ್ಟದ್ದು.

ಹೊತ್ತವರ ಮೈಯನ್ನು ನೆನೆಸಿಕೊಂಡದ್ದು 19ನೇ ಕಲಂ. ಸ್ಫೋಟಕ, ಅಪಾಯಕಾರಿ, ಹೊಲಸು ಅಥವಾ ವಿಷಕಾರಿ ವಸ್ತು, ಸರಿಯಾಗಿ ಮುಚ್ಚಿಡದ ಹರಿತವಾದ ಸಾಮಾನು, ಟಪಾಲಿಗಾಗಲೀ ಅಂಚೆ ನೌಕರರಿಗಾಗಲೀ ಗಾಯ ಮಾಡಬಹುದಾದ ಜೀವಂತ ಪ್ರಾಣಿ, ಇವನ್ನೆಲ್ಲ ಅಂಚೆಯಲ್ಲಿ ಕಳಿಸುವಂತಿಲ್ಲ. ಚೀಲದ ಒಳಗಿನ ಅಪಾಯವನ್ನು ಕಾನೂನು ಗುರುತಿಸಿತು. ದಾರಿಯಲ್ಲಿರುವ ಅಪಾಯದ ಬಗ್ಗೆ, ಅಂದರೆ ಹೊಳೆ, ಹಾವು, ನಾಯಿ, ದರೋಡೆಕೋರರ ಬಗ್ಗೆ ಅಲ್ಲಿ ಮಾತಿಲ್ಲ.

ಒಳಗಿನ ಅಪಾಯ ಎಷ್ಟು ದೊಡ್ಡದು ಅಂತ ಅಮೆರಿಕದಲ್ಲಿದ್ದು ಬಂದವರಿಗೆ ನೆನಪಿರಬಹುದು. 2001ರ ಅಕ್ಟೋಬರ್ 15ರಂದು ವಾಷಿಂಗ್ಟನ್ನಿನಲ್ಲಿ ಸೆನೆಟರ್ ಒಬ್ಬರ ಕಚೇರಿಯಲ್ಲಿ ಆಂಥ್ರಾಕ್ಸ್ ಪುಡಿ ತುಂಬಿದ ಲಕೋಟೆ ತೆರೆದರು. ಕಚೇರಿಯ ಸಿಬ್ಬಂದಿಗೆ ತಕ್ಷಣ ಪರೀಕ್ಷೆ, ಔಷಧಿ. ಅದೇ ಲಕೋಟೆ ಹಾದುಬಂದ ಬ್ರೆಂಟ್‌ವುಡ್ ಟಪಾಲು ವಿಂಗಡಣಾ ಕೇಂದ್ರವನ್ನು ಮುಚ್ಚಿದ್ದು 21ಕ್ಕೆ. ಅಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಸತ್ತರು. ಕಾಗದ ತಲುಪಿದವರ ಕಾಳಜಿ ಮೊದಲು, ತಲುಪಿಸಿದವರದ್ದು ಆರು ದಿನ ತಡ. ದೇಶ ಬೇರೆ, ಕಾಲ ಬೇರೆ, ಸಾಲಿನ ಕ್ರಮ ಅದೇ.

ದುಡ್ಡು ಹೊತ್ತ ಪೋಸ್ಟ್‌ಮ್ಯಾನ್, ಹೆಬ್ಬೆಟ್ಟಿನ ಸಾಕ್ಷಿ

1880ರಲ್ಲಿ ಮನಿಯಾರ್ಡರ್ ಶುರುವಾಯಿತು. ಮುಂಬೈಯ ಗಿರಣಿಯಲ್ಲೋ ಹೋಟೆಲಿನಲ್ಲೋ ದುಡಿದವರ ದುಡ್ಡು ಕರಾವಳಿಗೆ, ಉತ್ತರ ಕರ್ನಾಟಕಕ್ಕೆ ಬಂದದ್ದು ಹೀಗೆ. ನಮಗಿಂತ ಮೂರು-ನಾಲ್ಕು ತಲೆಮಾರು ಹಿಂದಿನ ವಲಸಿಗರ ‘ಯುಪಿಐ’ ಅದು. ಆದರೆ ಮನಿಯಾರ್ಡರ್ ಬಂದ ದಿನದಿಂದ ಪೋಸ್ಟ್‌ಮ್ಯಾನ್ ಚೀಲದಲ್ಲಿ ನಗದು ಇದೆ ಅಂತ ಊರಿಗೆಲ್ಲ ಗೊತ್ತು. ಒಂಟಿ ದಾರಿಯಲ್ಲಿ ನಡೆಯುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅಪಾಯ ಬೇಕಾ?

ಇಲಾಖೆ ಇದಕ್ಕೆ ಮಾಡಿದ ವ್ಯವಸ್ಥೆ ನಿಜಕ್ಕೂ ಜಾಣತನದ್ದು. ಚೀಲಕ್ಕೆ ಅರಗಿನ ಮುದ್ರೆ. ಕೈಯಿಂದ ಕೈಗೆ ಹೋಗುವಾಗ ಪ್ರತಿ ಸಲ ಎಣಿಕೆ, ಪ್ರತಿ ಸಲ ಸಹಿ. ಶಾಖಾ ಅಂಚೆ ಕಚೇರಿಯಲ್ಲಿ ಇಷ್ಟಕ್ಕಿಂತ ಹೆಚ್ಚು ನಗದು ಉಳಿಸಿಕೊಳ್ಳುವಂತಿಲ್ಲ ಅಂತ ಮಿತಿ. ಓದು ಬಾರದವರಿಗೆ ದುಡ್ಡು ಕೊಡುವಾಗ ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲೊಬ್ಬ ಸಾಕ್ಷಿ. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಸುಮಾರು ಶೇ 18 ಇದ್ದಾಗ ಈ ಸಾಕ್ಷಿಯೇ ಬಡವರ ‘ಟು ಫ್ಯಾಕ್ಟರ್’. ಊರಿನವರ ಹಣ ಕಾಪಾಡಿದ್ದು ಬರೀ ಬೀಗವಲ್ಲ, ಆ ಸಾಕ್ಷಿಯ ಎದುರು ನಾಳೆ ಮುಖ ತೋರಿಸಬೇಕಲ್ಲ ಅನ್ನುವ ಅಳುಕೂ ಹೌದು.

ಅಷ್ಟೇ ಅಲ್ಲ, ಪೋಸ್ಟ್‌ಮ್ಯಾನ್ ಕಾಗದ ಓದಿ ಹೇಳುತ್ತಿದ್ದರು, ಉತ್ತರ ಬರೆದುಕೊಡುತ್ತಿದ್ದರು. ಆರ್. ಕೆ. ನಾರಾಯಣರ ‘ದಿ ಮಿಸ್ಸಿಂಗ್ ಮೇಲ್’ ಕಥೆಯ ತಾನಪ್ಪ ನೆನಪಿದ್ದಾನಾ? ಮಗಳ ಮದುವೆ ನಿಂತುಹೋಗಬಾರದು ಅಂತ ಆ ಮನೆಗೆ ಬಂದ ಕೆಟ್ಟ ಸುದ್ದಿಯ ಕಾಗದವನ್ನೇ ಕೊಡದೆ ತಡೆಹಿಡಿಯುತ್ತಾನೆ. ಶಂಕರ್ ನಾಗ್ ಇದನ್ನು ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಆಗುಂಬೆಯಲ್ಲಿ ಚಿತ್ರಿಸಿದರು. ನೋಡಿದವರಿಗೆ ಗಂಟಲು ಕಟ್ಟುತ್ತೆ. ಆದರೆ ಕಾನೂನಿನ ಕಣ್ಣಲ್ಲಿ ಅದು ಅಪರಾಧ. ಒಳ್ಳೆಯ ಮನಸ್ಸಿನಿಂದ ತಡೆಹಿಡಿದ ಕೈಯೇ ಕೆಟ್ಟ ಮನಸ್ಸಿನಿಂದಲೂ ತಡೆಹಿಡಿಯಬಹುದು. ಮುದುಕಿಯ ಪಿಂಚಣಿ ಕೊಡುವಾಗ ‘ಚಹಾಕ್ಕೆ’ ಅಂತ ಹತ್ತಿಪ್ಪತ್ತು ರೂಪಾಯಿ ಮುರಿದುಕೊಳ್ಳುವ ಚಾಳಿಯ ಬಗ್ಗೆ ಹಳ್ಳಿಗಳಲ್ಲಿ ಕೇಳಿಲ್ಲದವರು ಕಡಿಮೆ. ಪರಿಚಯ ಅನ್ನೋದು ಊರಿಗೆ ರಕ್ಷಣೆಯೂ ಹೌದು, ಅಪಾಯವೂ ಹೌದು.

ಇಲಾಖೆಯ ಒಳಗಿದ್ದೂ ಹೊರಗಿನವರು

ಸ್ವಾತಂತ್ರ್ಯ ಬಂದಾಗ ದೇಶದಲ್ಲಿದ್ದ ಅಂಚೆ ಕಚೇರಿಗಳು 23,344. ಇವತ್ತು ಒಂದೂವರೆ ಲಕ್ಷ ದಾಟಿವೆ, ಹತ್ತರಲ್ಲಿ ಸುಮಾರು ಒಂಬತ್ತು ಹಳ್ಳಿಗಳಲ್ಲಿವೆ. ಇಷ್ಟು ಬೆಳೆದದ್ದು ಯಾರ ಬೆನ್ನ ಮೇಲೆ? 1854ರ ಕಾಲದಿಂದ ಬಂದ ‘ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್’ ಅನ್ನುವ ಪದ್ಧತಿಯ ಮೇಲೆ. ಹೆಸರೇ ನೋಡಿ, ಇಲಾಖೆಗೆ ‘ಹೊರತಾದವರು’. ಊರಿನ ಮೇಷ್ಟ್ರು, ಅಂಗಡಿಯವರು, ಸಣ್ಣ ಹಿಡುವಳಿದಾರರು ದಿನಕ್ಕೆ ಕೆಲವು ಗಂಟೆ ಅಂಚೆ ಕೆಲಸ ಮಾಡಲಿ ಅನ್ನುವ ಲೆಕ್ಕಾಚಾರ. ಜೀವನಕ್ಕೆ ಬೇರೆ ಆದಾಯ ಇರಬೇಕು ಅನ್ನುವುದೇ ಒಂದು ಷರತ್ತು. ಕಚೇರಿಗೆ ಜಾಗವನ್ನೂ ಬ್ರಾಂಚ್ ಪೋಸ್ಟ್‌ಮಾಸ್ಟರೇ ಒದಗಿಸಬೇಕು. ಅದರ ಮೇಲೆ, ಹಣಕಾಸಿಗೆ ಅವರಿಂದಲೇ ಭದ್ರತೆ ಬರೆಸಿಕೊಳ್ಳುವ ಪದ್ಧತಿ. ಅಂದರೆ ಚೀಲಕ್ಕೆ ಹೊತ್ತವರೇ ಜಾಮೀನು. ಹೊತ್ತವರಿಗೆ ಜಾಮೀನು ಯಾರು?

ಈ ಪ್ರಶ್ನೆಗೆ ಮೊದಲ ದೊಡ್ಡ ಉತ್ತರ ಬಂದದ್ದು 1977ರಲ್ಲಿ. ಪಿ. ಕೆ. ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇವರು ಹೊಂದಿರುವುದು ಸರ್ಕಾರದ ಅಧೀನದ ಸಿವಿಲ್ ಹುದ್ದೆ, ಸಂವಿಧಾನದ 311ನೇ ವಿಧಿಯ ರಕ್ಷಣೆ ಇವರಿಗೂ ಇದೆ, ವಿಚಾರಣೆ ಇಲ್ಲದೆ ಕಿತ್ತುಹಾಕುವಂತಿಲ್ಲ ಅಂತ ಹೇಳಿತು. ಇದಕ್ಕೂ ಸುರಕ್ಷತೆಗೂ ಏನು ಸಂಬಂಧ ಅಂತೀರಾ? ಇದೆ. ‘ಹೊಳೆ ತುಂಬಿದೆ, ಇವತ್ತು ದಾಟೋದಿಲ್ಲ’ ಅಂತ ಹೇಳುವ ಧೈರ್ಯ ಬರೋದು ನಾಳೆ ಕೆಲಸ ಉಳಿಯುತ್ತೆ ಅನ್ನುವ ಖಾತ್ರಿ ಇದ್ದಾಗ ಮಾತ್ರ.

2001ರ ನಿಯಮಗಳಲ್ಲಿ ಇವರ ಹೆಸರು ಗ್ರಾಮೀಣ ಡಾಕ್ ಸೇವಕ ಅಂತ ಬದಲಾಯಿತು. ಕಮಲೇಶ್ ಚಂದ್ರ ಸಮಿತಿಯ ವರದಿಯ ಮೇಲೆ 2018ರ ಜೂನ್‌ನಲ್ಲಿ ಕೇಂದ್ರ ಸಂಪುಟ ಇವರ ಭತ್ಯೆ ಹೆಚ್ಚಿಸಿತು. ಆಗ ಇವರ ಸಂಖ್ಯೆ ಮೂರು ಲಕ್ಷಕ್ಕೂ ಹೆಚ್ಚು, ಶಾಖಾ ಕಚೇರಿಗಳು 1.29 ಲಕ್ಷ. ದಿನಕ್ಕೆ ನಾಲ್ಕು ಗಂಟೆಯ ಡಾಕ್ ಸೇವಕರಿಗೆ ಆರಂಭದ ಭತ್ಯೆ ತಿಂಗಳಿಗೆ 10,000 ರೂಪಾಯಿ, ಬ್ರಾಂಚ್ ಪೋಸ್ಟ್‌ಮಾಸ್ಟರಿಗೆ 12,000. ‘ಅಪಾಯ ಮತ್ತು ಕಷ್ಟ ಭತ್ಯೆ’ ಅನ್ನುವ ಮಾತು ಇವರ ಪಾಲಿಗೆ ಬಂದದ್ದು ಆ ನಿರ್ಧಾರದಲ್ಲಿ. ಹುಲಿ ಕಣಿವೆಯ ಹರಿಕಾರನಿಂದ ಲೆಕ್ಕ ಹಾಕಿದರೆ, ದಾರಿಯ ಅಪಾಯಕ್ಕೆ ಒಂದು ಬೆಲೆ ಇದೆ ಅಂತ ಒಪ್ಪಿಕೊಳ್ಳೋಕೆ ಎರಡು ಶತಮಾನ ಬೇಕಾಯಿತು. ಕಾಯಂ ನೌಕರರಂಥ ಪಿಂಚಣಿ ಇವತ್ತಿಗೂ ಇವರಿಗಿಲ್ಲ.

2020ರ ಏಪ್ರಿಲ್‌ನಲ್ಲಿ ನಾವೆಲ್ಲ ‘ವರ್ಕ್ ಫ್ರಮ್ ಹೋಮ್’ ಮಾಡ್ತಾ ಕೂತಿದ್ದಾಗ, ಇವರು ಔಷಧಿ, ಪಿಂಚಣಿ, ಆಧಾರ್ ಮೂಲಕ ನಗದು ಇವನ್ನೆಲ್ಲ ಮನೆ ಬಾಗಿಲಿಗೆ ಒಯ್ದರು. ಕರ್ತವ್ಯದಲ್ಲಿದ್ದು ಕೋವಿಡ್‌ನಿಂದ ಸತ್ತರೆ 10 ಲಕ್ಷ ರೂಪಾಯಿ ಪರಿಹಾರ ಅಂತ ಸರ್ಕಾರ ಪ್ರಕಟಿಸಿತು, ಗ್ರಾಮೀಣ ಡಾಕ್ ಸೇವಕರನ್ನೂ ಸೇರಿಸಿ. ‘ಸೇರಿಸಿ’ ಅನ್ನುವ ಆ ಒಂದು ಪದ ಇತಿಹಾಸದಲ್ಲಿ ದೊಡ್ಡದು.

ಕಾಲುಸಂಕ, ಕಾಡು, ನಾಯಿ

ಈಗ ದಾರಿಗೆ ಬರೋಣ. ಮಲೆನಾಡು, ಕರಾವಳಿಯವರಿಗೆ ಕಾಲುಸಂಕ ಅಂದರೆ ವಿವರಿಸಬೇಕಿಲ್ಲ. ಉಳಿದವರಿಗೆ: ಹಳ್ಳದ ಮೇಲೆ ಅಡಿಕೆ ಮರ ಅಥವಾ ಯಾವುದಾದರೂ ಮರದ ದಿಮ್ಮಿ ಹಾಕಿ ಮಾಡಿದ ನಡೆದಾಟದ ಸೇತುವೆ. ಮಳೆಗಾಲದಲ್ಲಿ ಅದು ಪಾಚಿ ಕಟ್ಟಿ ಜಾರುತ್ತೆ, ಕೆಳಗೆ ಕೆಂಪು ನೀರು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಎರಡನೇ ತರಗತಿಯ ಹುಡುಗಿ ಇಂಥ ಕಾಲುಸಂಕದಿಂದ ಬಿದ್ದು ಕೊಚ್ಚಿಹೋದಳು. ಆ ಸಂಕದಂಥ ಸಂಕಗಳನ್ನೇ ದಾಟಿ ಟಪಾಲೂ ಹೋಗಬೇಕು, ಆಶಾ ಕಾರ್ಯಕರ್ತೆಯೂ ಹೋಗಬೇಕು, ಬಾಣಂತಿಯೂ ಬರಬೇಕು. ಪೋಸ್ಟ್‌ಮ್ಯಾನ್‌ಗೆ ಸುರಕ್ಷಿತವಾದ ದಾರಿ ಊರಿಗೆ ಸುರಕ್ಷಿತವಾದ ದಾರಿ. ನೌಕರರ ಸುರಕ್ಷತೆ ಬೇರೆ, ನಿವಾಸಿಗಳ ಸುರಕ್ಷತೆ ಬೇರೆ ಅಂತ ಎರಡು ಕಡತ ಮಾಡಿದರೆ ಎರಡೂ ದೂಳು ತಿನ್ನುತ್ತವೆ.

ನಮ್ಮ ಪಕ್ಕದ ನೀಲಗಿರಿಯಲ್ಲಿ, ಕೂನೂರಿನ ಪೋಸ್ಟ್‌ಮ್ಯಾನ್ ಒಬ್ಬರು 2020ರಲ್ಲಿ ನಿವೃತ್ತರಾದರು. ದಿನಕ್ಕೆ ಸುಮಾರು 15 ಕಿಲೋಮೀಟರ್ ಕಾಡಿನಲ್ಲಿ ನಡೆದು, ಆನೆ, ಕರಡಿ, ಕಾಡೆಮ್ಮೆಗಳಿಂದ ತಪ್ಪಿಸಿಕೊಂಡು, ಜಾರುವ ತೊರೆ-ಜಲಪಾತ ದಾಟಿ ಮೂವತ್ತು ವರ್ಷ ಕಾಗದ, ಪಿಂಚಣಿ ಮುಟ್ಟಿಸಿದರು. ಅವರ ಫೋಟೋ ವೈರಲ್ ಆಯಿತು, ನಾವೆಲ್ಲ ಕೈಮುಗಿಯುವ ಇಮೋಜಿ ಹಾಕಿದೆವು. ಒಳ್ಳೆಯದೇ. ಆದರೆ ಒಂದು ಮಾತು ಕೇಳಿಕೊಳ್ಳಬೇಕು. ನಮ್ಮ ಪ್ರೊಡಕ್ಷನ್ ಸಿಸ್ಟಮ್ ಒಬ್ಬನೇ ಮನುಷ್ಯ ದಿನಾ ಆನೆಯಿಂದ ತಪ್ಪಿಸಿಕೊಂಡರೆ ಮಾತ್ರ ನಡೆಯುತ್ತೆ ಅಂದರೆ, ನಾವು ಅದನ್ನು ಸಾಹಸ ಅಂತ ಕರೆಯುತ್ತಿದ್ದೆವಾ, ವ್ಯವಸ್ಥೆಯ ದೋಷ ಅಂತ ಬರೆದುಕೊಳ್ಳುತ್ತಿದ್ದೆವಾ?

ಬರೆದುಕೊಳ್ಳುವುದು ಮುಖ್ಯ. ಅಮೆರಿಕದ ಅಂಚೆ ಸೇವೆ ತನ್ನ ನೌಕರರಿಗೆ ನಾಯಿ ಕಚ್ಚಿದ್ದು ಎಷ್ಟು ಸಲ ಅಂತ ಪ್ರತಿ ವರ್ಷ ಪ್ರಕಟಿಸುತ್ತೆ. 2023ರಲ್ಲಿ ಅದು 5,800ಕ್ಕೂ ಹೆಚ್ಚು. ಸಂಖ್ಯೆ ಹೊರಗೆ ಬಂದದ್ದರಿಂದಲೇ ‘ನಾಯಿ ಕಟ್ಟದಿದ್ದರೆ ಟಪಾಲು ನಿಲ್ಲಿಸುತ್ತೇವೆ’ ಅಂತ ಮನೆಯವರಿಗೆ ಹೇಳುವ ಬಲ ಬಂತು. ನಮ್ಮಲ್ಲೂ ಇದಕ್ಕೆ ಹೋಲುವ ಒಳ್ಳೆಯ ಉದಾಹರಣೆ ಇದೆ. ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆ ಅಂತ 2020ರ ಅಧ್ಯಯನವೊಂದು ಅಂದಾಜಿಸಿತು. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಲಾಗ್ ಆಗದ ಬಗ್ ಸರಿಯಾಗಲ್ಲ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಳ್ಳಿ ಬೀಟುಗಳಲ್ಲಿ ಬಿದ್ದದ್ದು, ಕಚ್ಚಿದ್ದು, ದೋಚಿದ್ದು, ಮಳೆಗೆ ನಿಂತದ್ದು ಎಲ್ಲದರ ಲೆಕ್ಕ ಪ್ರತಿ ವರ್ಷ ಜನರ ಮುಂದೆ ಬರಬೇಕು.

ಮೈಸೂರಿನ ಕೋಡ್, ಹೈದರಾಬಾದಿನ ನಕ್ಷೆ

ಈಗಿನ ಕಥೆ ನಮ್ಮ ಕ್ಷೇತ್ರದ್ದು. ಚಿಕ್ಕದೇವರಾಜರ ಅಂಚೆ ಚಾವಡಿ ಇದ್ದ ಮೈಸೂರು ಸೀಮೆಯಲ್ಲೇ ಇವತ್ತು ಅಂಚೆ ಇಲಾಖೆಯ ತಂತ್ರಜ್ಞಾನ ಕೇಂದ್ರ ಇದೆ. ಅದರ ಚಿಕ್ಕ ಹೆಸರು ‘ಸಿಇಪಿಟಿ’. ಹಿಂದಿನ ‘ಮೇಘದೂತ್’ ತಂತ್ರಾಂಶ ಬೆಳೆದದ್ದು ಅಲ್ಲಿ. 2025ರಲ್ಲಿ ದೇಶದ ಅಂಚೆ ಕಚೇರಿಗಳಿಗೆಲ್ಲ ಬಂದ ಹೊಸ ವ್ಯವಸ್ಥೆಯನ್ನು ಕಟ್ಟಿದ್ದೂ ಅದೇ ಕೇಂದ್ರ. ಅದನ್ನು ಮೊದಲು ಪರೀಕ್ಷಿಸಿದ್ದು ಕರ್ನಾಟಕ ವೃತ್ತದಲ್ಲಿ. ಒಟಿಪಿ ಕೇಳಿ ಕೊಡುವ ಟಪಾಲು, ಕ್ಯೂಆರ್ ಪಾವತಿ ಎಲ್ಲ ಅದರಲ್ಲಿದೆ. ಅದೇ ವರ್ಷ ಬಂದ ‘ಡಿಜಿಪಿನ್’ ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಚೌಕಗಳಾಗಿ ಹಂಚಿ, ಪ್ರತಿಯೊಂದಕ್ಕೂ ಹತ್ತು ಅಕ್ಷರ-ಅಂಕಿಗಳ ಗುರುತು ಕೊಡುತ್ತೆ. ಇದರಲ್ಲಿ ಅಂಚೆ ಇಲಾಖೆಯ ಜೊತೆ ಕೆಲಸ ಮಾಡಿದ್ದು ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ. ಎರಡೂ ನಮ್ಮ ಈ ಊರಿನ ಕಡೆಯವೇ.

ಇದರಿಂದ ಹೊತ್ತವರಿಗೆ ನಿಜವಾಗಿ ಲಾಭ ಇದೆ. ‘ಮಾವಿನ ಮರದ ಹತ್ತಿರ, ತೋಟದ ಒಳಗೆ’ ಅನ್ನುವ ವಿಳಾಸ ಹುಡುಕುತ್ತಾ ಸಂಜೆ ಮಾಡಿಕೊಳ್ಳಬೇಕಿಲ್ಲ. ಒಟಿಪಿ ಇದ್ದರೆ ‘ಕೊಟ್ಟಿಲ್ಲ’ ಅನ್ನುವ ಸುಳ್ಳು ಆರೋಪದಿಂದ ಅವರಿಗೂ ರಕ್ಷಣೆ, ‘ಕೊಟ್ಟಾಯ್ತು’ ಅನ್ನುವ ಸುಳ್ಳಿನಿಂದ ಮನೆಯವರಿಗೂ ರಕ್ಷಣೆ.

ಆದರೆ ವಿಲ್ಕ್ಸ್ ಎತ್ತಿದ ಹಳೆಯ ಪ್ರಶ್ನೆ ಇಲ್ಲಿ ಮತ್ತೆ ಬಾಗಿಲು ಬಡಿಯುತ್ತೆ. 1898ರ ಕಾಯ್ದೆಯ 26ನೇ ಕಲಮೇ ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಹೆಸರಿನಲ್ಲಿ ಟಪಾಲು ತಡೆಯುವ ಅಧಿಕಾರ ಕೊಟ್ಟಿತ್ತು. ಅದರ ಜಾಗಕ್ಕೆ ಬಂದ 2023ರ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಿಂದ ಜಾರಿಯಲ್ಲಿದೆ. ಹಳೆಯ ದಂಡನೆಗಳ ಉದ್ದ ಪಟ್ಟಿಯನ್ನು ಅದು ತೆಗೆದುಹಾಕಿತು. ‘ಕಾಲಹರಣ’ಕ್ಕೆ ದಂಡ ಹೋದದ್ದು ಒಳ್ಳೆಯದು. ತಡೆಹಿಡಿಯುವ ಅಧಿಕಾರ ಮಾತ್ರ ಉಳಿಯಿತು, ಅದರ ಕಾರಣಗಳ ಪಟ್ಟಿ ಬೆಳೆಯಿತು. ಡಿಜಿಪಿನ್ ಬರೀ ನಕ್ಷೆಯ ಚೌಕ, ಅದರಲ್ಲಿ ಯಾರ ಹೆಸರೂ ಇಲ್ಲ. ಆ ಚೌಕಕ್ಕೆ ಹೆಸರು, ಫೋನ್ ನಂಬರ್, ಹೆಬ್ಬೆಟ್ಟು ಜೋಡಿಸುವ ಹೊತ್ತಿಗೆ ಎಚ್ಚರ ಬೇಕು. ಆ ಜೋಡಣೆಯ ಕೋಡ್ ಬರೆಯುವವರು ನಮ್ಮಂಥವರೇ.

ನಾವು ಮಾಡಬಹುದಾದ್ದು

ಕಳೆದ ತಲೆಮಾರಿನ ವಲಸಿಗರು ಮನಿಯಾರ್ಡರ್ ಕಳಿಸಿದರು, ನಾವು ಫೋನಿನಲ್ಲಿ ದುಡ್ಡು ಕಳಿಸ್ತೀವಿ. ಆದರೆ ಊರಿನಲ್ಲಿರುವ ಅಪ್ಪ-ಅಮ್ಮನ ಬಾಗಿಲಿಗೆ ಪಿಂಚಣಿ, ಚೆಕ್ ಬುಕ್, ಕೋರ್ಟ್ ನೋಟಿಸು, ನಾವು ಆರ್ಡರ್ ಮಾಡಿದ ಬಿಪಿ ಮಾತ್ರೆ ಇವನ್ನೆಲ್ಲ ತರೋದು ಇನ್ನೂ ಅದೇ ಮನುಷ್ಯರು, ಈಗ ಎಷ್ಟೋ ಕಡೆ ಹೆಣ್ಣುಮಕ್ಕಳು. ಮುಂದಿನ ಸಲ ಊರಿಗೆ ಹೋದಾಗ ಕೆಲವು ಕೆಲಸ ಮಾಡಿ ಬನ್ನಿ. ಮನೆಯ ನಾಯಿಯನ್ನು ಟಪಾಲಿನ ಹೊತ್ತಿಗೆ ಕಟ್ಟುವ ಅಭ್ಯಾಸ ಮಾಡಿಸಿ. ತೋಟದ ಮನೆಯಾದರೆ ದಣಪೆಯ ಹತ್ತಿರವೇ ಮಳೆ ತಾಗದ ಒಂದು ಪೆಟ್ಟಿಗೆ ಇಡಿ. ಬ್ರಾಂಚ್ ಪೋಸ್ಟ್‌ಮಾಸ್ಟರ್ ನಂಬರ್ ಬರೆದಿಟ್ಟುಕೊಳ್ಳಿ, ಹಳ್ಳ ತುಂಬಿದ ದಿನ ‘ನಾಳೆ ತನ್ನಿ, ಅವಸರ ಇಲ್ಲ’ ಅಂತ ನೀವೇ ಹೇಳಿ. ಅಮ್ಮನಿಗೆ ಒಂದು ಮಾತು ಹೇಳಿಕೊಡಿ: ಬೆರಳು ಒತ್ತುವ ಮೊದಲು ಎಷ್ಟು ದುಡ್ಡು ಅಂತ ಕೇಳು, ಒತ್ತಿದ ಮೇಲೆ ರಸೀದಿ ಕೇಳು, ಪಕ್ಕದಲ್ಲಿ ಒಬ್ಬರು ಇರಲಿ. ನೂರು ವರ್ಷದ ಹಿಂದಿನ ಸಾಕ್ಷಿಯ ನಿಯಮ ಇವತ್ತಿಗೂ ಹಳತಾಗಿಲ್ಲ. ಗ್ರಾಮಸಭೆಯಲ್ಲಿ ಕಾಲುಸಂಕದ ಮಾತೆತ್ತುವವರಿಗೆ ಒಂದು ಸಹಿ, ಒಂದು ಅರ್ಜಿ ಬರೆದುಕೊಡಿ.

ಇಲ್ಲಿಯೂ ಒಂದು ಕೆಲಸ ಇದೆ. 2023ರ ಜನವರಿಯಲ್ಲಿ ಇದೇ ಹೈದರಾಬಾದಿನ ಬಂಜಾರಾ ಹಿಲ್ಸ್‌ನಲ್ಲಿ ಊಟ ತಲುಪಿಸಲು ಹೋದ ಯುವಕ, ಮನೆಯ ನಾಯಿ ಮೈಮೇಲೆ ಬಂದಾಗ ತಪ್ಪಿಸಿಕೊಳ್ಳಲು ಹೋಗಿ ಮೂರನೇ ಮಹಡಿಯಿಂದ ಬಿದ್ದು ಸತ್ತ. ಅವನ ಚೀಲದಲ್ಲಿದ್ದ ಊಟ ಎಲ್ಲಿದೆ ಅಂತ ಆ್ಯಪ್‌ಗೆ ನಿಮಿಷ ನಿಮಿಷಕ್ಕೂ ಗೊತ್ತಿತ್ತು. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ಮಾಡಿತು. ಡಾಕ್ ಸೇವಕರು ನೂರಾರು ವರ್ಷ ನಡೆದ ದಾರಿಯ ಮೊದಲ ಮೈಲಿಯಲ್ಲಿ ಇವರಿದ್ದಾರೆ. ಇವರಿಗೂ ಎರಡು ಶತಮಾನ ಕಾಯಿರಿ ಅಂತ ಹೇಳುವುದಾ?

ನಾವು ಬರೆಯುವ ಡ್ಯಾಶ್‌ಬೋರ್ಡ್‌ಗಳಲ್ಲಿ ಚೀಲ ಎಲ್ಲಿದೆ ಅನ್ನುವ ಒಂದು ಕಾಲಂ ಯಾವಾಗಲೂ ಇರುತ್ತೆ. ಹೊತ್ತವರು ಹೇಗಿದ್ದಾರೆ ಅನ್ನುವ ಇನ್ನೊಂದು ಕಾಲಂ ಸೇರಿಸೋಕೆ ಎಷ್ಟು ಸಾಲು ಕೋಡ್ ಬೇಕು, ನೀವೇ ಹೇಳಿ.

ನಿಮ್ಮೂರಿನ ಟಪಾಲಿನವರ ಸಂಗತಿ ಇದ್ದರೆ ಬರೆದು ಕಳಿಸಿ. ಹೆಸರು ಬೇಡ, ದಾರಿ ಹೇಗಿತ್ತು ಅಂತ ಬರೆಯಿರಿ ಸಾಕು.